ಬಿಸುವಿನ ದಿನ ಮುಂಡಪ್ಪ ಶೆಟ್ಟರು ಕಟ್ಟ ಈಜಿದ್ದು

ಕಲ್ಲಡ್ಕದಲ್ಲಿ ಬಸ್ಸಿನಿಂದ ಇಳಿದು ಗದ್ದೆಯ ಹುಣಿಯ ಮೇಲೆ ಸ್ವಲ್ಪ ದೂರ ನಡೆದರೆ ಕುಂಟಾಲಡ್ಕದ ಮನೆ ಸಿಗುತ್ತಿತ್ತು. ಮನೆ ಸಿಗುವ ಮೊದಲೇ ಯಜಮಾನ ಮುಂಡಪ್ಪ ಶೆಟ್ಟರ ಸ್ವರ ಸಿಗುತ್ತಿತ್ತು. ಅವರು ಬೈಯದ ವಸ್ತು ಆ ಊರಿನಲ್ಲಿ ಇರಲಿಲ್ಲ. ಹಾಲು ಕೊಡದ ಹಸುವನ್ನು ಬೈಯುತ್ತಿದ್ದರು, ಅದು ಸರಿ. ಹಾಲು ಕೊಟ್ಟ ಹಸುವನ್ನೂ ಬೈಯುತ್ತಿದ್ದರು, ಇಷ್ಟು ದಿನ ಇದನ್ನೆಲ್ಲ ಎಲ್ಲಿ ಅಡಗಿಸಿ ಇಟ್ಟಿದ್ದಿ ಎಂದು. ಚಾವಡಿಯ ಕಂಬಕ್ಕೆ ತಲೆ ತಾಗಿದರೆ ಕಂಬಕ್ಕೆ ಬೈಗುಳ, ತಾಗದೆ ತಪ್ಪಿದರೆ ಆ ಕಂಬವನ್ನು ಅಲ್ಲಿ ನಿಲ್ಲಿಸಿದ ಅಜ್ಜನಿಗೆ ಬೈಗುಳ. ಸಿಟ್ಟು ಕೆಟ್ಟದ್ದು ಎಂದು ಹೇಳುವವರು ಮನೆ ನಡೆಸಿದವರಲ್ಲ. ಮನೆಯಲ್ಲಿ ಒಬ್ಬನಿಗಾದರೂ ಸಿಟ್ಟು ಬಾರದಿದ್ದರೆ ಕೋಳಿಗಳು ಕೂಡ ಹೊತ್ತಿಗೆ ಸರಿಯಾಗಿ ಗೂಡಿಗೆ ಬರುವುದಿಲ್ಲ.

ಮನೆಯಲ್ಲಿ ಇದ್ದದ್ದು ನಾಲ್ಕೇ ಜನ. ಶೆಟ್ಟರು, ಅವರ ಹೆಂಡತಿ ಅಮ್ಮಣ್ಣಿ, ತಂಗಿ ಕುಸುಮ, ಕುಸುಮಳ ಮಗಳು ಕಾಂತಿ. ಅಳಿಯಕಟ್ಟಿನ ಮನೆಯಾದ್ದರಿಂದ ಕುಸುಮ ಮದುವೆಯಾದ ಮೇಲೂ ಅಣ್ಣನ ಮನೆಯಲ್ಲೇ ಇದ್ದಳು. ಅವಳ ಗಂಡ ಲೋಕನಾಥ ಬೊಂಬಾಯಿಯ ಒಂದು ಕ್ಯಾಂಟೀನಿನಲ್ಲಿ ದೊಡ್ಡ ಕೆಲಸದವನು. ವರ್ಷಕ್ಕೊಮ್ಮೆ ಬೇಸಗೆಯ ಆರಂಭದಲ್ಲಿ ಟ್ರಂಕು ಹೊತ್ತುಕೊಂಡು ಬರುತ್ತಿದ್ದ, ಗುಡುಗು ಶುರುವಾಗುವ ಹೊತ್ತಿಗೆ ಹಲಸಿನ ಹಪ್ಪಳದ ಕಟ್ಟು ಹೊತ್ತುಕೊಂಡು ಹೋಗುತ್ತಿದ್ದ. ಶೆಟ್ಟರಿಗೆ ಮಕ್ಕಳಿಲ್ಲ. ಸೋದರಸೊಸೆ ಕಾಂತಿಯೇ ಅವರಿಗೆ ಎಲ್ಲ. ಅವಳೊಬ್ಬಳನ್ನು ಅವರು ಬೈಯುತ್ತಿರಲಿಲ್ಲ. ಅವಳಿಗಾಗಿ ಇಟ್ಟ ಬೈಗುಳವನ್ನೂ ಹಸುವಿಗೇ ಕೊಡುತ್ತಿದ್ದರು.

ಅರುವತ್ತನೆಯ ಇಸವಿ ಕಳೆದ ಮೇಲಿನ ಒಂದು ಸುಗ್ಗಿ ತಿಂಗಳು, ಹೊಸ ವರ್ಷದ ಬಿಸು ಹಬ್ಬ ಹತ್ತಿರ ಬಂದಿತ್ತು. ಕೊಯ್ಲು ಮುಗಿದಿತ್ತು, ಶಾಲೆಗೆ ರಜೆ ಬಂದಿತ್ತು. ಆ ಮನೆಯವರಿಗೆ ವರ್ಷದಲ್ಲಿ ಅದರಷ್ಟು ಸುಖದ ಸಮಯ ಬೇರೆ ಇಲ್ಲ. ಬೆಳಿಗ್ಗೆ ಗುಡ್ಡೆಗೆ ಹೋಗಿ ಗೇರುಹಣ್ಣು ಹೆಕ್ಕಿ ಉಪ್ಪು ಸವರಿ ತಿನ್ನುವುದು, ಅಂಗಿಗೆ ಕಲೆ ಮಾಡಿಕೊಂಡು ಬಂದು ಬೈಸಿಕೊಳ್ಳುವುದು. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿಗೆ ಮಾವಿನ ಮಿಡಿಯ ಚಟ್ನಿ, ಆಮೇಲೆ ತಣ್ಣಗಿನ ಚಾವಡಿಯಲ್ಲಿ ಒಂದು ನಿದ್ದೆ. ಸೆಗಣಿ ಸಾರಿಸಿದ ಅಂಗಳದಲ್ಲಿ ಹಪ್ಪಳ ಒಣಗುವಾಗ ಕಾಗೆ ಓಡಿಸುವ ನೆಪದಲ್ಲಿ ಹಸಿ ಹಪ್ಪಳವನ್ನು ಕಾಗೆಗಿಂತ ಹೆಚ್ಚು ತಿನ್ನುವುದು. ಇಳಿಹೊತ್ತಿಗೆ ಎಲ್ಲರೂ ಬೈರಾಸು ಹೆಗಲಿಗೆ ಹಾಕಿಕೊಂಡು ಕಟ್ಟಕ್ಕೆ ಸ್ನಾನಕ್ಕೆ ಹೋಗುವುದು. ಬಂದ ಮೇಲೆ ಅಂಗಳದಲ್ಲಿ ಚಾಪೆ ಹಾಸಿ ಬಚ್ಚಂಗಾಯಿ, ಅಂದರೆ ಕಲ್ಲಂಗಡಿ, ಒಡೆದು ಕುಳಿತರೆ ಶೆಟ್ಟರ ಕತೆ ಶುರು.

ಕತೆ ಎಂದರೆ ಒಂದೇ ಕತೆ. ಶೆಟ್ಟರು ಹದಿನಾರರ ಪ್ರಾಯದಲ್ಲಿ, ಆಟಿ ತಿಂಗಳ ನೆರೆಯಲ್ಲಿ, ಪಾಣೆಮಂಗಳೂರಿನ ಹತ್ತಿರ ನೇತ್ರಾವತಿಯನ್ನು ಈಜಿ ದಾಟಿದ್ದು. ವರ್ಷ ಹೋದ ಹಾಗೆ ಆ ಹೊಳೆ ಅಗಲವಾಗುತ್ತ ಬಂದಿತ್ತು. ಮೊದಲು ಅದರಲ್ಲಿ ಬರೀ ಮರದ ಗೆಲ್ಲುಗಳು ತೇಲಿ ಬರುತ್ತಿದ್ದವು. ಆಮೇಲೆ ಇಡೀ ಮರ, ಆಮೇಲೆ ಮರದ ಮೇಲೊಂದು ಹೆಬ್ಬಾವು. ಕಳೆದ ವರ್ಷ ಹೆಬ್ಬಾವು ಬಾಯಿ ತೆರೆದಿತ್ತು. ಕಾಂತಿ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಬಚ್ಚಂಗಾಯಿಯ ನೀರು ಮೊಣಕೈಯವರೆಗೆ ಇಳಿಯುತ್ತಿದ್ದದ್ದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆ ಮುಖ ನೋಡಲಿಕ್ಕೆಂದೇ ಶೆಟ್ಟರು ಇಡೀ ಮಳೆಗಾಲ, ಚಳಿಗಾಲ ಕಳೆಯುತ್ತಿದ್ದರು.

ಸತ್ಯ ಬೇರೆ. ಹೊಳೆ ದಾಟಿದ್ದು ನಿಜ, ನೆರೆ ನಿಜ. ಈಜಿದ್ದು ಮಾತ್ರ ಶೆಟ್ಟರಲ್ಲ, ಒಂದು ಎಮ್ಮೆ. ಶೆಟ್ಟರು ಅದರ ಬಾಲ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಎಮ್ಮೆ ನೆರೆಮನೆಯ ಮೊಯ್ದೀನ್ ಬ್ಯಾರಿಯ ತಂದೆಯದ್ದು, ಅದರ ಬೆನ್ನ ಮೇಲೆ ಕುಳಿತಿದ್ದ ಹುಡುಗ ಮೊಯ್ದೀನ್. ಹಾಗಾಗಿ ಈ ಸಂಗತಿ ಲೋಕದಲ್ಲಿ ಮೊಯ್ದೀನನೊಬ್ಬನಿಗೆ ಗೊತ್ತು ಎಂದು ಶೆಟ್ಟರು ನಂಬಿದ್ದರು. ಅವರಿಗೆ ಈಜು ಎಂಬುದೇ ಬರುತ್ತಿರಲಿಲ್ಲ. ಮನೆಯವರೆಲ್ಲ ಕಟ್ಟದ ನೀರಿಗೆ ಧುಮುಕುವಾಗ ಇವರು ದಡದ ಕಲ್ಲಿನ ಮೇಲೆ ಬಟ್ಟೆ ಕಾಯುತ್ತ ಕೂರುತ್ತಿದ್ದರು, ಚೊಂಬಿನಿಂದ ನೀರು ಹೊಯ್ದುಕೊಳ್ಳುತ್ತಿದ್ದರು. ಕೇಳಿದರೆ, ನೇತ್ರಾವತಿ ಈಜಿದವನು ಈ ಕೋಣ ಹೊರಳುವ ಗುಂಡಿಗೆ ಇಳಿಯುವುದುಂಟೋ ಎಂದು ಗದರುತ್ತಿದ್ದರು.

ಕಟ್ಟದ ವಿಷಯ ಸ್ವಲ್ಪ ಹೇಳಬೇಕು. ಮನೆಯ ಕೆಳಗೆ ಹರಿಯುವ ತೋಡಿಗೆ ಮಳೆ ನಿಂತ ಮೇಲೆ ಕಲ್ಲು, ಮಣ್ಣು, ಸೊಪ್ಪು ತುಂಬಿ ಅಡ್ಡ ಕಟ್ಟುವುದು ಅಲ್ಲಿನ ಕ್ರಮ. ನಡುವೆ ಒಂದು ಬಾಯಿ, ಬಾಯಿಗೆ ಒಂದರ ಮೇಲೊಂದು ಹಲಗೆ. ಹಲಗೆ ಹಾಕಿದರೆ ನೀರು ಮೇಲೆ ನಿಂತು, ನಡುವಿನಲ್ಲಿ ಒಬ್ಬ ಆಳು ಮುಳುಗುವಷ್ಟು ಆಳಕ್ಕೆ ಬಂದು, ಶೆಟ್ಟರ ತೋಟದ ಕಾಲುವೆಗೆ ಹರಿಯುತ್ತದೆ. ಹಲಗೆ ತೆಗೆದರೆ ಅದೇ ನೀರು ಕೆಳಗೆ ಮೊಯ್ದೀನನ ಸೌತೆಬಳ್ಳಿಗೆ. ಯಾವ ದಿನ ಯಾರಿಗೆ ನೀರು ಎಂದು ಹೇಳುವವರು ಶೆಟ್ಟರು. ಬೇಸಗೆಯಲ್ಲಿ ಅದು ಸಣ್ಣ ಅಧಿಕಾರವಲ್ಲ.

ಆ ವರ್ಷ ಲೋಕನಾಥ ಬರುವಾಗ ಟ್ರಂಕಿನಲ್ಲಿ ವಾಸನೆಯ ಸಾಬೂನು, ಕಾಂತಿಗೆ ಝಾಲರಿಯ ಫ್ರಾಕು, ಕುಸುಮಳಿಗೆ ಸೀರೆ ತಂದಿದ್ದ. ತನಗೊಂದು ಕೆಂಪು ಬಣ್ಣದ ಈಜುವ ಚಡ್ಡಿಯನ್ನೂ ತಂದಿದ್ದ. ಬೊಂಬಾಯಿಯಲ್ಲಿ ಆದಿತ್ಯವಾರ ಆದಿತ್ಯವಾರ ಸಮುದ್ರಕ್ಕೆ ಹೋಗಿ ಈಜು ಕಲಿತನಂತೆ. ಬಂದ ದಿನವೇ ಅದನ್ನು ಹಾಕಿಕೊಂಡು ಕಟ್ಟದ ದಡದಲ್ಲಿ ನಿಂತ. ಅಮ್ಮಣ್ಣಿ ಬಟ್ಟೆ ಒಗೆಯುವ ಕಲ್ಲನ್ನೇ ನೋಡುತ್ತ ಆ ಸಂಜೆ ಕಳೆದಳು. ಕುಸುಮ, ಮಗಳ ಎದುರು ಹೀಗೆಲ್ಲ ನಿಲ್ಲಬಾರದು ಎಂದು ಮೆಲ್ಲನೆ ಹೇಳಿ, ಮತ್ತೆ ಮತ್ತೆ ತಿರುಗಿ ನೋಡಿದಳು. ಲೋಕನಾಥ ನೀರಿಗೆ ಹಾರಿ ಆಚೆ ದಡದ ಕೇದಗೆಯ ಪೊದೆ ಮುಟ್ಟಿ ಬಂದು, ಹೇಗೆ ಎಂದು ಮಗಳನ್ನು ಕೇಳಿದ.

ಕಾಂತಿ ಹೇಳಿದಳು, ಚೆಂದ ಉಂಟು ಅಪ್ಪ, ಆದರೆ ಮಾವ ನೇತ್ರಾವತಿ ಈಜಿದ್ದಾರೆ, ಹೆಬ್ಬಾವು ಕೂಡ ಇತ್ತು.

ವರ್ಷದಲ್ಲಿ ಒಂದು ತಿಂಗಳ ಅಪ್ಪನಿಗೆ ಹನ್ನೊಂದು ತಿಂಗಳ ಮಾವನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು ಇರುವುದು ತಪ್ಪಲ್ಲ. ಅದಲ್ಲದೆ ಬಾವ ಬಾವಂದಿರು ಒಬ್ಬರನ್ನೊಬ್ಬರು ಕೆಣಕದಿದ್ದರೆ ಆ ಸಂಬಂಧಕ್ಕೆ ಅರ್ಥವೇ ಇಲ್ಲ. ಆ ರಾತ್ರಿಯ ಊಟಕ್ಕೆ ಮೊದಲು, ಹೆಬ್ಬಾವು ಬಾಯಿ ತೆರೆದ ಜಾಗಕ್ಕೆ ಕತೆ ಬಂದಾಗ, ಲೋಕನಾಥ ಬಚ್ಚಂಗಾಯಿಯ ಬೀಜ ಉಗುಳಿ ಹೇಳಿದ:

"ಬಾವ, ನೀವು ಈಜುವುದನ್ನು ಈ ಮನೆಯಲ್ಲಿ ಯಾರಾದರೂ ನೋಡಿದ್ದುಂಟಾ?"

"ನೋಡ್ಲಿಕ್ಕೆ ಇವರೆಲ್ಲ ಹುಟ್ಟಿರಬೇಕಲ್ಲ," ಎಂದರು ಶೆಟ್ಟರು.

"ಈಗ ಹುಟ್ಟಿದ್ದಾರಲ್ಲ. ಬಿಸುವಿನ ದಿನ ನಾವಿಬ್ಬರೂ ಕಟ್ಟ ಈಜುವ. ನೀವು ಆಚೆ ಕೇದಗೆ ಮುಟ್ಟಿದರೆ ನಿಮ್ಮ ಹೊಳೆ, ಹೆಬ್ಬಾವು ಎರಡನ್ನೂ ಒಪ್ಪುತ್ತೇನೆ. ಬೊಂಬಾಯಿಯಲ್ಲಿಯೂ ಹೇಳುತ್ತೇನೆ. ಮುಟ್ಟದಿದ್ದರೆ ಇನ್ನು ಆ ಕತೆ ಈ ಅಂಗಳದಲ್ಲಿ ಹೇಳ್ಲಿಕ್ಕಿಲ್ಲ."

ಶೆಟ್ಟರು ಬಾಯಿ ತೆರೆಯುವ ಮೊದಲು ಕಾಂತಿ, "ಮಾವ ಈಜ್ತಾರೆ," ಎಂದು ಒಪ್ಪಿಕೊಂಡುಬಿಟ್ಟಳು. ಅವಳ ಮುಖ ಕೆಂಪಾಗಿತ್ತು. ಶಾಲೆಯಲ್ಲಿ ಎಲ್ಲರಿಗೂ ಅವಳು ಆ ಕತೆ ಹೇಳಿ ಆಗಿತ್ತು, ಹೆಬ್ಬಾವಿಗೆ ಸ್ವಲ್ಪ ಉದ್ದವನ್ನೂ ಸೇರಿಸಿದ್ದಳು. ಶೆಟ್ಟರು ಬಾಯಿ ಮುಚ್ಚಿದರು. ಆ ಬೇಸಗೆಯಲ್ಲಿ ಅವರು ಬಾಯಿ ಮುಚ್ಚಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆಯೇ ಅವರು ಮೊಯ್ದೀನನ ಸೌತೆ ಗದ್ದೆಯಲ್ಲಿ ಹಾಜರಾದರು. ಮೊಯ್ದೀನ್ ಬಳ್ಳಿಯ ನಡುವೆ ಕುಕ್ಕರುಗಾಲಲ್ಲಿ ಕುಳಿತು ಕೇಳಿದ, ಕೇಳಿ ಮುಗಿಸಿ ಬಾಯಿಯ ಎಲೆಯಡಿಕೆ ಉಗುಳಿದ, ಮತ್ತೆ ನಗಲು ಶುರು ಮಾಡಿದ. ನಗು ನಿಲ್ಲುವವರೆಗೆ ಶೆಟ್ಟರು ಅವನ ಸೌತೆಬಳ್ಳಿಯನ್ನು ಬೈದರು. ಕೊನೆಗೆ ಅವನು ಒಪ್ಪಿದ. ಮಧ್ಯಾಹ್ನ ಮನೆಯವರು ಗಂಜಿ ಉಂಡು ಮಲಗಿರುವಾಗ ಶೆಟ್ಟರು ತೋಟ ನೋಡುವ ನೆಪದಲ್ಲಿ ಬರಬೇಕು, ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿ ಎರಡು ತರಬೇಕು.

ಅಲ್ಲಿ ಮಕ್ಕಳೆಲ್ಲ ಈಜು ಕಲಿಯುವುದು ಹಾಗೆಯೇ. ಎರಡು ಒಣ ಕಾಯಿಗಳ ಸಿಪ್ಪೆಯನ್ನು ಸ್ವಲ್ಪ ಎಬ್ಬಿಸಿ ಒಂದಕ್ಕೊಂದು ಗಂಟು ಹಾಕಿ, ಆ ಗಂಟು ಎದೆಯ ಅಡಿಗೆ ಬರುವ ಹಾಗೆ ಮಲಗಿದರೆ, ಬಗಲಿಗೊಂದು ಕಾಯಿ ಎದ್ದು ನಿಂತು ಮುಳುಗಲು ಬಿಡುವುದಿಲ್ಲ. ಆರು ವರ್ಷದ ಮಕ್ಕಳಿಗೆ ಅದು ಸಾಕು. ಶೆಟ್ಟರ ಎದೆ, ಹೊಟ್ಟೆ ಬೇರೆ ತರದ್ದು. ಅವರು ಮಲಗಿದ ಕೂಡಲೆ ಕಾಯಿಗಳು ಕಾಣದಾದವು. ನೀರಿನ ಮೇಲೆ ಉಳಿದದ್ದು ಒಂದು ಬೋಳು ತಲೆ, ಅದರಿಂದ ಹೊರಡುವ ಬೈಗುಳ. ನೀರು ಮೂಗಿಗೆ ಹೋದರೆ ನೀರನ್ನು ಬೈದರು, ಕಾಲು ಕೆಳಗಿಳಿದರೆ ಕಾಲನ್ನು ಬೈದರು. ಬೈಯಲು ಬಾಯಿ ತೆರೆದಾಗಲೆಲ್ಲ ಒಂದು ಬಾಯಿ ನೀರು ಒಳಗೆ ಹೋಯಿತು.

ದಡದ ನೆರಳಲ್ಲಿ ಕುಳಿತ ಮೊಯ್ದೀನ್ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ: "ಶೆಟ್ರೆ, ನೀರನ್ನು ಬೈಯಬೇಡಿ. ನೀರಿಗೆ ಕಿವಿ ಇಲ್ಲ. ನಿಮ್ಮ ಮಾತು ಕೇಳಿ ಅದು ಗಟ್ಟಿಯಾಗುವುದಿಲ್ಲ."

"ಕಾಲು ಎಂತ ಮಾಡಬೇಕು, ಅದನ್ನು ಹೇಳು."

"ಕಪ್ಪೆ ನೋಡಿದ್ದೀರಲ್ಲ. ಹಾಗೆ."

ಶೆಟ್ಟರು ಕಪ್ಪೆಯ ಹಾಗೆ ಒದೆದರು. ಕಾಯಿಗಳು ಸರಕ್ಕನೆ ಬೆನ್ನ ಕಡೆಗೆ ಜಾರಿ, ಶೆಟ್ಟರು ಅಂಗಾತ ತಿರುಗಿ, ಹೊಟ್ಟೆ ಆಕಾಶ ನೋಡಿತು. ಮೊಯ್ದೀನ್ ಸೊಂಟದವರೆಗೆ ಇಳಿದು ಅವರನ್ನು ತಿರುಗಿಸಿ ಹಾಕಿದ, ದೋಸೆ ತಿರುಗಿಸಿದ ಹಾಗೆ. ಹೀಗೆ ದಿನಾ ನಡೆಯಿತು.

ಪಾಠ ಮುಗಿದ ಮೇಲೆ ಕಾಯಿಗಳನ್ನು ಶೆಟ್ಟರು ಅಟ್ಟದಲ್ಲಿ ಉಳಿದ ಕಾಯಿಗಳ ನಡುವೆ ಅಡಗಿಸಿ ಇಡುತ್ತಿದ್ದರು. ಒಂದು ದಿನ ಅಮ್ಮಣ್ಣಿ ಕಾಯಿ ತೆಗೆಯಲು ಅಟ್ಟ ಹತ್ತಿದಳು. ಎರಡು ಕಾಯಿ ಒದ್ದೆ. ಮಳೆ ಇಲ್ಲ, ಮಾಡು ಸೋರುವುದಿಲ್ಲ, ಕಾಯಿ ಒದ್ದೆ. ಅವಳು, ಕೊಳೆಯುವ ಮೊದಲು ಖರ್ಚು ಮಾಡುವುದೇ ಒಳ್ಳೆಯದು ಎಂದು ಅದರಲ್ಲಿ ಒಂದನ್ನು ಸುಲಿದು ಚಟ್ನಿಗೆ ಅರೆದಳು. ಚಟ್ನಿ ಒದ್ದೆ ಕಾಯಿಯದ್ದು ಎಂದು ಊಟಕ್ಕೆ ಕುಳಿತಾಗ ಶೆಟ್ಟರಿಗೆ ಅವಳ ಬಾಯಿಂದ ಗೊತ್ತಾಯಿತು. ಕಾಯಿ ಯಾಕೆ ಒಡೆದೆ ಎಂದು ಕೇಳುವ ಹಾಗಿಲ್ಲ. ಗಂಜಿಗೆ ಉಪ್ಪು ಹೆಚ್ಚಾಯಿತು ಎಂದು ಕೂಗಾಡಿದರು. ಅಮ್ಮಣ್ಣಿ, ಗಂಜಿಗೆ ಉಪ್ಪು ಹಾಕಿಯೇ ಇಲ್ಲ, ನಿಮ್ಮ ಎಲೆಯ ಬದಿಯಲ್ಲಿ ಇಟ್ಟದ್ದು ಹಾಗೆಯೇ ಉಂಟು ಎಂದಳು. ಆ ದಿನ ಮಧ್ಯಾಹ್ನ ಒಂದೇ ಕಾಯಿಯಲ್ಲಿ ಪಾಠ ನಡೆಯಿತು. ಕಾಯಿ ಎಡಬದಿಗೆ ಇದ್ದದ್ದರಿಂದ ಶೆಟ್ಟರು ನೆಟ್ಟಗೆ ಹೋಗದೆ ಗಾಣದ ಎತ್ತಿನ ಹಾಗೆ ಸುತ್ತು ಬಂದರು. ಸುತ್ತು ಬರುತ್ತ ಬರುತ್ತ, ಹೇಗೋ ಏನೋ, ಕಾಯಿ ಬಗಲಿನಿಂದ ತಪ್ಪಿಸಿಕೊಂಡು ಬೇರೆ ಕಡೆ ತೇಲಿ ಹೋಯಿತು. ಶೆಟ್ಟರು ಅದನ್ನು ಬೈಯುತ್ತ ಹಿಡಿಯಲು ಹೋದರು. ಮೂರು ಮಾರು ಹೋಗಿ ಕಾಯಿ ಹಿಡಿದ ಮೇಲೆಯೇ ಅವರಿಗೆ ಗೊತ್ತಾದದ್ದು, ಅಲ್ಲಿಯವರೆಗೆ ಅವರನ್ನು ಹಿಡಿದವರು ಯಾರೂ ಇರಲಿಲ್ಲ ಎಂದು.

"ಬಂತು," ಎಂದ ಮೊಯ್ದೀನ್, ಎದ್ದು ನಿಂತು.

ಶೆಟ್ಟರು ದಡದ ಕಲ್ಲು ಹಿಡಿದುಕೊಂಡು ಕೆಮ್ಮುತ್ತಿದ್ದರು. ಕಣ್ಣಲ್ಲಿ ನೀರು, ಅದು ತೋಡಿನದ್ದೋ ಒಳಗಿನದ್ದೋ ಹೇಳುವುದು ಕಷ್ಟ. ಆ ಸಂತೋಷದಲ್ಲಿ, ನಿನಗೆ ಎಂತ ಬೇಕು ಕೇಳು ಮಾರಾಯ ಎಂದರು. ಮೊಯ್ದೀನ್ ಬೇರೆ ಏನೂ ಕೇಳಲಿಲ್ಲ. ಸೌತೆಬಳ್ಳಿ ಬಾಡಿದೆ, ಬಿಸುವಿನ ದಿನ ಹೇಗೂ ನಿಮ್ಮಲ್ಲಿ ತೋಟದ ಕೆಲಸ ಇಲ್ಲ, ಆ ದಿನ ಇಳಿಹೊತ್ತಿಗೆ ಒಂದು ಪಾಳಿ ನೀರು ನನಗೆ ಹೆಚ್ಚಿಗೆ ಕೊಡಿ, ನಾನೇ ಬಂದು ಹಲಗೆ ತೆಗೆಯುತ್ತೇನೆ ಎಂದ. ಈಜುವ ಪಂದ್ಯ ಬೆಳಿಗ್ಗೆ ಎಂದು ನಿಶ್ಚಯವಾಗಿತ್ತು, ಆದ್ದರಿಂದ ಅವನಿಗೂ ಅದರಲ್ಲಿ ತೊಡಕು ಕಾಣಲಿಲ್ಲ. ತಕ್ಕೋ, ಎಲ್ಲ ತಕ್ಕೋ ಎಂದರು ಶೆಟ್ಟರು. ಹೇಳಿದರು, ಮರೆತರು.

ಬಿಸು ಬಂತು. ಬೆಳಿಗ್ಗೆ ದೇವರ ಮುಂದೆ ಹಣ್ಣು, ತರಕಾರಿ, ಕನ್ನಡಿ ಜೋಡಿಸಿದ ಕಣಿ ನೋಡಿ, ಹಿರಿಯರಿಗೆ ನಮಸ್ಕಾರ ಮಾಡಿ ಆಯಿತು. ಲೋಕನಾಥ ಕೆಂಪು ಚಡ್ಡಿಯಲ್ಲಿ ಅಂಗಳಕ್ಕೆ ಬಂದು ಹೋಗುವನಾ ಬಾವ ಎಂದ. ಮೂರು ಮಾರು ಈಜಿದವನಿಗೆ ಕಟ್ಟ ನೇತ್ರಾವತಿಯಷ್ಟೇ ಅಗಲ. ಹಬ್ಬದ ದಿನ ಊಟಕ್ಕೆ ಮೊದಲು ಇಂಥದ್ದೆಲ್ಲ ಕೂಡದು ಎಂದರು ಶೆಟ್ಟರು. ಊಟಕ್ಕೆ ಎಳೆ ಗೇರುಬೀಜ ಹಾಕಿದ ತೊಂಡೆಕಾಯಿ ಪಲ್ಯ, ಹೆಸರುಬೇಳೆಯ ಪಾಯಸ. ಶೆಟ್ಟರು ಬೇಕೆಂದೇ ಪಾಯಸವನ್ನು ಮತ್ತೆ ಮತ್ತೆ ಹಾಕಿಸಿಕೊಂಡರು. ಹೊಟ್ಟೆ ತುಂಬಿದವನು ನೀರಿಗಿಳಿಯಬಾರದು ಎಂದು ಹೇಳಿ ಮಲಗಿದರು. ಎದ್ದ ಮೇಲೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದರು. ಬಿಸಿಲು ಮೆಲ್ಲಗೆ ಗುಡ್ಡೆಯ ಆಚೆ ಇಳಿಯಿತು. ಇನ್ನು ಹೇಳಲು ಏನೂ ಉಳಿಯಲಿಲ್ಲ. ಕಾಂತಿ ಅವರ ಬೈರಾಸು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಮಾವ, ಹೋಗುವ."

ಇಡೀ ಮನೆ ಕಟ್ಟದ ದಡದಲ್ಲಿ ಸಾಲಾಗಿ ನಿಂತಿತು. ಶೆಟ್ಟರು ಬೈರಾಸನ್ನು ಬಿಗಿಯಾಗಿ ಕಚ್ಚೆ ಕಟ್ಟಿದರು, ನೀರಿಗೆ ಕೈ ಮುಗಿದರು, ಅದೇ ಬಾಯಲ್ಲಿ ಅದನ್ನೊಮ್ಮೆ ಬೈದರು. ಲೋಕನಾಥ ಬೊಂಬಾಯಿಯ ರೀತಿಯಲ್ಲಿ ಕೈ ಮುಂದೆ ಚಾಚಿ ಹಾರಿದ. ಶೆಟ್ಟರು ಹಾರಲಿಲ್ಲ, ಬಿದ್ದರು. ದಡದಲ್ಲಿದ್ದವರೆಲ್ಲ ಒದ್ದೆಯಾದರು. ಒಂದು ಗಳಿಗೆ ಯಾರೂ ಕಾಣಲಿಲ್ಲ. ಆಮೇಲೆ ಬೋಳು ತಲೆ ಮೇಲೆ ಬಂತು, ಬಾಯಿ ಬಿಗಿದು ಮುಚ್ಚಿತ್ತು, ಕಣ್ಣು ಕೂಡ. ಕೈ ಕಾಲು ಹೋದ ದಿಕ್ಕಿಗೆ ಹೋದವು. ಆದರೆ ಒಟ್ಟಿನಲ್ಲಿ ಎಲ್ಲವೂ ಸೇರಿ ಮುಂದಕ್ಕೆ ಹೋಗುತ್ತಿದ್ದವು. ಶೆಟ್ಟರು ಈಜುತ್ತಿದ್ದರು. ಕಾಯಿ ಇಲ್ಲ, ಎಮ್ಮೆ ಇಲ್ಲ, ಯಾರ ಬಾಲವೂ ಇಲ್ಲ. ಕಟ್ಟದ ನಡುವಿನ ಆಳವನ್ನು ಅವರು ಹಾಗೆ ದಾಟಿದರು.

ಆ ಹೊತ್ತಿಗೆ ಸರಿಯಾಗಿ ಮೊಯ್ದೀನ್ ಕಟ್ಟದ ಕೆಳಬದಿಯಿಂದ ಬಂದ. ಅಲ್ಲಿಂದ ಮೇಲಿನ ನೀರು ಕಾಣುವುದಿಲ್ಲ. ಈ ಕಡೆಯ ಗಲಾಟೆಯನ್ನು ಹಬ್ಬದ ಸಂತೋಷ ಎಂದುಕೊಂಡ. ಹೇಳಿದ ಮಾತಿನಂತೆ ಒಂದೊಂದೇ ಹಲಗೆ ಎಳೆದು ತೆಗೆದ.

ನೀರು ಇಳಿಯತೊಡಗಿತು. ಮೊದಲು ದಡದ ಕಲ್ಲುಗಳ ಕಾಲು ಕಂಡಿತು. ಆಮೇಲೆ ಕೇದಗೆಯ ಬೇರುಗಳು. ಲೋಕನಾಥ ಆಚೆ ದಡ ಮುಟ್ಟಿ ತಿರುಗಿ ನೋಡುವಾಗ ಅವನ ಎದೆ ಮುಚ್ಚಿದ್ದ ನೀರು ಸೊಂಟಕ್ಕೆ ಬಂದಿತ್ತು, ನೋಡುತ್ತಿದ್ದ ಹಾಗೆ ತೊಡೆಗೆ, ಮೊಣಕಾಲಿಗೆ. ಕೆಂಪು ಚಡ್ಡಿ ಪೂರ್ತಿ ಕಾಣಿಸಿತು, ಅಮ್ಮಣ್ಣಿ ಮುಖ ತಿರುಗಿಸಿದಳು. ಶೆಟ್ಟರು ಮಾತ್ರ ಕಣ್ಣು ಮುಚ್ಚಿಕೊಂಡು ಈಜುತ್ತಲೇ ಇದ್ದರು. ಎದೆ ಮರಳಿಗೆ ತಾಗಿತು, ನೆರೆಯ ಸೆಳೆತ ಎಂದುಕೊಂಡು ಇನ್ನೂ ಜೋರಾಗಿ ಒದೆದರು. ಮರಳು ಹಾರಿತು. ಕೆಸರಿನಲ್ಲಿ ಸಿಕ್ಕಿದ ಮೀನುಗಳು ಅವರ ಎಡಬಲದಲ್ಲಿ ಕುಪ್ಪಳಿಸಿದವು. ಅಷ್ಟು ಹಟದಲ್ಲಿ ಈಜುವ ಮನುಷ್ಯನಿಗೆ ನೀರಿಲ್ಲ ಎಂದು ಹೇಳುವ ಧೈರ್ಯ ಯಾರಿಗೆ ಬರಬೇಕು? ಬೆರಳಿಗೆ ಕೇದಗೆಯ ಬೇರು ಸಿಕ್ಕಿದಾಗ ಶೆಟ್ಟರು ಕಣ್ಣು ತೆರೆದು, ಮುಟ್ಟಿದೆ ಎಂದರು. ಮತ್ತೆ ಸುತ್ತ ನೋಡಿದರು. ಪಾದ ಮುಳುಗುವಷ್ಟು ನೀರಿನಲ್ಲಿ ಹೊಟ್ಟೆ ಕೆಳಗಾಗಿ ಮಲಗಿದ್ದರು.

ಎದ್ದು ನಿಂತ ಶೆಟ್ಟರ ಬಾಯಿಯಿಂದ ಅಷ್ಟು ಹೊತ್ತು ತಡೆದಿಟ್ಟದ್ದೆಲ್ಲ ಹೊರಗೆ ಬಂತು. ಹಲಗೆ ತೆಗೆದವನ ಏಳು ತಲೆಮಾರಿಗೆ ಸಾಕಾಗುವಷ್ಟು ಇತ್ತು. ಸದ್ದು ಕೇಳಿ ಮೊಯ್ದೀನ್ ಹಲಗೆ ಹಿಡಿದುಕೊಂಡೇ ಕಟ್ಟದ ಮೇಲೆ ಹತ್ತಿ ಬಂದ. ನೋಡಿದ ಕೂಡಲೆ ಅವನ ಮುಖ ಸಣ್ಣದಾಯಿತು.

"ಶೆಟ್ರೆ, ನೀವೇ ಅಲ್ಲವಾ ಹೇಳಿದ್ದು, ಈ ಹೊತ್ತಿನ ನೀರು ನನಗೆ ಎಂದು."

ಲೋಕನಾಥ ಚಪ್ಪಾಳೆ ತಟ್ಟಿ ನಕ್ಕ. ಈಗ ಗೊತ್ತಾಯಿತು ಎಂದ. ಬೆಳಿಗ್ಗೆಯಿಂದ ಪಾಯಸ, ನಿದ್ದೆ, ಬಿಸಿಲು ಎಂದು ಸಂಜೆ ಮಾಡಿದ್ದು ಇದಕ್ಕೇ. ಬಾವನೂ ಮೊಯ್ದೀನ್ ಬ್ಯಾರಿಯೂ ಸೇರಿ ಮಾಡಿದ ಏರ್ಪಾಡು. ನೀರು ಖಾಲಿ ಮಾಡಿಸಿ ನೆಲದ ಮೇಲೆ ತೆವಳಿ ಹೋದರೆ ಅದು ಈಜಲ್ಲ, ಮೋಸ. "ಇನ್ನು ಆ ಕತೆ ಇಲ್ಲ ಬಾವ. ಮುಗಿಯಿತು," ಎಂದ.

ಕಾಂತಿ ಮಾವನ ಮುಖ ನೋಡಿದಳು. ಸುಮ್ಮನೆ ಇದ್ದರೆ ಶೆಟ್ಟರಿಗೆ ದಾರಿ ಇತ್ತು. ನೀರಿದ್ದಿದ್ದರೆ ತೋರಿಸುತ್ತಿದ್ದೆ, ಹಲಗೆ ತೆಗೆದದ್ದರಿಂದ ಪಂದ್ಯ ರದ್ದು ಎಂದು ಗದರಿ, ಹೊಳೆಯನ್ನೂ ಹೆಬ್ಬಾವನ್ನೂ ಉಳಿಸಿಕೊಳ್ಳಬಹುದಿತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ನಿಜವಾಗಿ ಈಜಿದ ಮನುಷ್ಯನಿಗೆ ಮೋಸಗಾರ ಎಂದರೆ ಹೇಗಾದೀತು? ಶೆಟ್ಟರ ಬೋಳು ತಲೆಯವರೆಗೂ ರಕ್ತ ಏರಿತು.

"ಮೋಸವಾ? ನಡು ಕಟ್ಟದಲ್ಲಿ ನನಗೆ ನೆಲ ಇರಲಿಲ್ಲ ಮಾರಾಯ. ಕಾಲು ಹಾಕಿ ನೋಡಿದ್ದೇನೆ, ಸಿಕ್ಕಲಿಲ್ಲ. ದಿನಾ ಮಧ್ಯಾಹ್ನ ನಿದ್ದೆ ಬಿಟ್ಟು, ಎದೆಗೆ ತೆಂಗಿನಕಾಯಿ ಕಟ್ಟಿ, ಈ ತೋಡಿನ ಅರ್ಧ ನೀರು ಕುಡಿದು ಕಲಿತದ್ದು ನಾನು. ಕಲಿಸಿದ್ದು ಇವನು. ಅದಕ್ಕೆ ನೀರು ಕೊಟ್ಟದ್ದು. ಕೇಳು ಬೇಕಾದರೆ."

ಮೊಯ್ದೀನ್ ಹೌದೆಂದು ತಲೆಯಾಡಿಸಿದ, ಹಲಗೆಯನ್ನು ಇನ್ನೂ ಎದೆಗೆ ಅಪ್ಪಿಕೊಂಡಿದ್ದ. ಒಂದು ಮೀನು ಕುಸುಮಳ ಕಾಲ ಹತ್ತಿರ ಪಟಪಟ ಎಂದಿತು. ಶೆಟ್ಟರಿಗೆ ತಾನು ಏನು ಹೇಳಿದೆ ಎಂದು ಗೊತ್ತಾದದ್ದು ಕಾಂತಿ ಕೇಳಿದ ಮೇಲೆ.

"ಈಗ ಕಲಿತದ್ದಾ ಮಾವ? ಹಾಗಾದರೆ ನೇತ್ರಾವತಿ?"

ಉತ್ತರ ಬಂದದ್ದು ಅಮ್ಮಣ್ಣಿಯಿಂದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಟ್ಟೆ ತಂದ ಬುಟ್ಟಿಯಲ್ಲಿ ಆಗಲೇ ಮೀನು ಹೆಕ್ಕುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ಅದು ಎಮ್ಮೆ ಈಜಿದ್ದು ಮಗಾ. ಇವರು ಬಾಲ ಹಿಡಿದಿದ್ದರು. ನಾನು ಮದುವೆಯಾಗಿ ಬಂದ ವರ್ಷವೇ ಅತ್ತೆ ಹೇಳಿದ್ದಾರೆ."

ಶೆಟ್ಟರು ಹೆಂಡತಿಯನ್ನು ನೋಡಿದರು. ಅಷ್ಟು ಬೇಸಗೆಗಳಲ್ಲಿ ಆ ಅಂಗಳದಲ್ಲಿ ಅವಳು ಬಚ್ಚಂಗಾಯಿ ಹೆಚ್ಚಿ ಹೆಚ್ಚಿ ಕೊಡುತ್ತ, ಹೆಬ್ಬಾವು ಬಂದಾಗಲೆಲ್ಲ ಅಯ್ಯೋ ದೇವರೇ ಎನ್ನುತ್ತ ಕುಳಿತದ್ದನ್ನು ನೆನೆದರು. ಬೈಯಲು ಹೊರಟರು. ಯಾವ ಮಾತು ಹುಡುಕಿದರೂ ಅದು ಅವಳಿಗೆ ಹೊಂದಲಿಲ್ಲ. ಮತ್ತೆ ಮೊಯ್ದೀನನ ಕಡೆ ತಿರುಗಿ, ಹಲಗೆ ಹಿಡಿದುಕೊಂಡು ಎಂತ ನೋಡ್ತಿ, ಮೀನು ಹಿಡಿ ಎಂದು ಅವನನ್ನು ಗದರಿದರು.

ಆಮೇಲೆ ನಡೆದದ್ದು ಬರೀ ಗಲಾಟೆ. ನೀರು ಪೂರ್ತಿ ಬತ್ತುವ ಮೊದಲು ಎಲ್ಲರೂ ಕೆಸರಿಗೆ ಬಿದ್ದು ಮೀನು ಹಿಡಿದರು. ಕುಸುಮ ಬೈರಾಸಿನಲ್ಲಿ, ಮೊಯ್ದೀನ್ ಮುಂಡಾಸಿನಲ್ಲಿ, ಲೋಕನಾಥ ಬರಿಗೈಯಲ್ಲಿ. ಒಂದು ಮುಗುಡು ಮೀನು ಅವನ ಬೆರಳಿಗೆ ಮುಳ್ಳು ಚುಚ್ಚಿತು. ಸಮುದ್ರ ಈಜಿದವನು ತೋಡಿನ ಮೀನಿಗೆ ಅತ್ತೇ ಬಿಟ್ಟ. ಶೆಟ್ಟರು ಅವನ ಬೆರಳು ಹಿಡಿದು ಸುಣ್ಣ ಹಚ್ಚುತ್ತ ಮೀನನ್ನು ಬೈದರು, ಅಷ್ಟು ಚೆಂದಕ್ಕೆ ಬೈದರು ಎಂದರೆ ಲೋಕನಾಥನಿಗೆ ನೋವು ಮರೆತು ನಗು ಬಂತು. ಕೇದಗೆ ಮುಟ್ಟಿದ್ದನ್ನು ಒಪ್ಪುತ್ತೇನೆ ಬಾವ, ಅರ್ಧಕ್ಕೆ ಒಪ್ಪುತ್ತೇನೆ ಎಂದ. ಅರ್ಧ ಸಾಕು ಎಂದರು ಶೆಟ್ಟರು. ಬಿಸುವಿನ ದಿನ ಮೀನು ತಿನ್ನುವ ಹಾಗಿಲ್ಲವೆಂದು ಅಮ್ಮಣ್ಣಿ ಅವನ್ನು ಬಚ್ಚಲಿನ ಹಂಡೆಯಲ್ಲಿ ಬಿಟ್ಟಳು. ಕತ್ತಲಲ್ಲಿ ಕೈಕಾಲು ತೊಳೆಯಲು ಹೋಗಿ ಹಂಡೆಗೆ ಚೊಂ‌ಬು ಅದ್ದಿದ ಕುಸುಮಳ ಕೂಗು ಮೊಯ್ದೀನನ ಮನೆಯವರೆಗೂ ಕೇಳಿತು.

ಆ ರಾತ್ರಿ ಶೆಟ್ಟರು ಅಂಗಳದ ಮೂಲೆಯಲ್ಲಿ ಚಾಪೆ ಹಾಸಿ ಗೋಡೆಯ ಕಡೆ ಮುಖ ಮಾಡಿ ಕುಳಿತರು. ಬಚ್ಚಂಗಾಯಿ ಬಂತು. ಅವರು ಮುಟ್ಟಲಿಲ್ಲ. ಯಾರೂ ಕತೆ ಕೇಳಲಿಲ್ಲ, ಅವರೂ ಶುರು ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಾಂತಿ ಬಂದು ಪಕ್ಕದಲ್ಲಿ ಕುಳಿತು, ಎಮ್ಮೆಗೆ ಹೆಸರಿತ್ತಾ ಎಂದು ಕೇಳಿದಳು. ಇರಲಿಲ್ಲ ಎಂದರು ಶೆಟ್ಟರು. ಬಾಲ ಜಾರಲಿಲ್ಲವಾ ಎಂದಳು. ಒಮ್ಮೆ ಜಾರಿತ್ತು, ಹಲ್ಲಿನಲ್ಲಿ ಕಚ್ಚಿ ಹಿಡಿದೆ ಎಂದರು. ಕಾಂತಿ ಬಿದ್ದು ಬಿದ್ದು ನಕ್ಕಳು. ಶೆಟ್ಟರು ಗೋಡೆಯ ಕಡೆಯಿಂದ ಅರ್ಧ ತಿರುಗಿ ಒಂದು ಹೋಳು ಬಚ್ಚಂಗಾಯಿ ಕೈಗೆತ್ತಿಕೊಂಡರು.

ಎರಡು ದಿನ ಕಳೆದು ಬೆಳುವಾಯಿಯಿಂದ ನೆಂಟರು ಬಂದರು. ಅಮ್ಮಣ್ಣಿ ಅವರಿಗೆ ಬೆಲ್ಲ, ನೀರು ಕೊಟ್ಟಳು. ಊರಿಗೆಲ್ಲ ಗೊತ್ತಾದ ಸಂಗತಿಯಾದ್ದರಿಂದ, ಶೆಟ್ಟರು ಕಟ್ಟ ಈಜಿದರಂತೆ ಹೌದಾ ಎಂದು ಅವರು ಕೇಳಿದರು. ಕೇಳಿದ್ದು ಶೆಟ್ಟರನ್ನು. ಎದ್ದು ಅಂಗಳದ ನಡುವೆ ನಿಂತದ್ದು ಕಾಂತಿ. ಮಾವ ಹೇಗೆ ಬಿದ್ದರು, ಹೇಗೆ ಒದೆದರು ಎಂದು ಕೈಕಾಲು ಆಡಿಸಿ ತೋರಿಸಿದಳು. ಹಲಗೆಯ ಸುದ್ದಿಯನ್ನೇ ಎತ್ತಲಿಲ್ಲ. ಮಾವ ಒದೆದ ಜೋರಿಗೆ ನೀರೆಲ್ಲ ಹಾರಿ ಹೊರಗೆ ಹೋಯಿತು, ಅವರು ಆಚೆ ಮುಟ್ಟುವಾಗ ಕಟ್ಟ ಖಾಲಿ, ಮೀನುಗಳು ಗದ್ದೆಯಲ್ಲಿ ಬಿದ್ದಿದ್ದವು, ಅತ್ತೆ ಬುಟ್ಟಿಯಲ್ಲಿ ಹೆಕ್ಕಿ ತಂದರು ಎಂದಳು. ನೆಂಟರು ನೀರಿನ ಚೊಂಬು ಕೈಯಲ್ಲೇ ಹಿಡಿದು ಕುಳಿತಿದ್ದರು. ಕುಡಿಯಲು ಮರೆತಿದ್ದರು. ಶೆಟ್ಟರು ಅವರ ಮುಖವನ್ನೂ ಸೊಸೆಯ ಮುಖವನ್ನೂ ನೋಡುತ್ತ ಕಂಬಕ್ಕೆ ಒರಗಿದರು.

ಮೊದಲು ನೀರು ಎಷ್ಟು ಆಳ ಇತ್ತು ಎಂದು ನೆಂಟರಲ್ಲಿ ಒಬ್ಬರು ಕೇಳಿದರು. ಕಾಂತಿ ಜಗಲಿಯ ಮೇಲೆ ಹತ್ತಿ ನಿಂತು, ಕೈಯನ್ನು ಆದಷ್ಟು ಮೇಲಕ್ಕೆ ಎತ್ತಿ ಹಿಡಿದಳು.

"ಅಷ್ಟು ಇರಲಿಲ್ಲ ಮಗಾ," ಎಂದರು ಶೆಟ್ಟರು. "ಕೈ ಸ್ವಲ್ಪ ಕೆಳಗೆ ತಾ."

ಕಾಂತಿ ಒಂದು ಬೆರಳಿನಷ್ಟು ಕೆಳಗೆ ತಂದಳು. ಶೆಟ್ಟರು ನೋಡಿದರು, ಯೋಚಿಸಿದರು.

"ಹಾಂ. ಅಲ್ಲಿ ಸರಿ," ಎಂದರು.